ಐದೂವರೆಯ ಶಿಳ್ಳೆ

ಏಪ್ರಿಲ್ ೪, ಶನಿವಾರ

ಈ ಡೈರಿ ಬ್ಯಾಟರಿ ಕಂಪನಿಯವರು ಹೊಸ ವರ್ಷಕ್ಕೆ ನಮ್ಮ ಅಂಗಡಿಗೆ ಪುಕ್ಕಟೆ ಕೊಟ್ಟದ್ದು. ಮೂರು ತಿಂಗಳು ಇದರ ಮೇಲೆ ಚಹಾ ಲೋಟ ಇಡುತ್ತಿದ್ದೆ. ಇವತ್ತಿನಿಂದ ಬರೆಯೋಣ ಅನ್ನಿಸಿತು. ಕಾರಣ ದೊಡ್ಡದೇನಲ್ಲ. ದಿನವೂ ಸಂಜೆ ನನ್ನ ಗೊಣಗಾಟ ಕೇಳಿಸಿಕೊಳ್ಳುತ್ತಿದ್ದವರು ಮಾವ. ಅವರು ಹೋಗಿ ಇಂದಿಗೆ ಇಪ್ಪತ್ತಾರು ದಿನ. ಗಂಡನ ಮುಂದೆ ಗೊಣಗಿದರೆ ಪ್ರಯೋಜನವಿಲ್ಲ, ಅವರು ಶಾಲೆಯಲ್ಲಿ ಗಣಿತದ ಮೇಷ್ಟ್ರು, ಏನು ಹೇಳಿದರೂ ಉತ್ತರ ಕಂಡುಹಿಡಿದು ಕೊಡುತ್ತಾರೆ. ಮಾವ ಉತ್ತರ ಕೊಡುತ್ತಿರಲಿಲ್ಲ. ನನಗಿಂತ ಜೋರಾಗಿ ಗೊಣಗುತ್ತಿದ್ದರು, ಅಷ್ಟರಲ್ಲಿ ನನ್ನದು ಮರೆತೇಹೋಗುತ್ತಿತ್ತು.

ನಲವತ್ತು ವರ್ಷ ಲಿಫ್ಟ್ ರಿಪೇರಿ ಮಾಡಿದ ಮನುಷ್ಯ, ತಾವು ಮಾತ್ರ ಒಂದು ದಿನವೂ ಲಿಫ್ಟ್ ಹತ್ತಲಿಲ್ಲ. ಅದರ ಒಳಗು ನೋಡಿದವರು ಹತ್ತಲ್ಲಮ್ಮ ಅನ್ನುತ್ತಿದ್ದರು. ಸಂಜೆ ವಾಕಿಂಗ್ ಮುಗಿಸಿ, ಸರಿಯಾಗಿ ಐದೂವರೆಗೆ, ಮೂರು ಮಹಡಿ ಮೆಟ್ಟಿಲು ಹತ್ತಿ ಬರುವರು. ಒಂದೊಂದು ಮಹಡಿಗೆ ಒಂದೊಂದು ಉದ್ದನೆಯ ಶಿಳ್ಳೆ. ರಾಗ ಗೀಗ ಏನಿಲ್ಲ, ಒಂದೇ ಸ್ವರ. ಮೂರನೆಯ ಶಿಳ್ಳೆಗೆ ಅತ್ತೆ ಎದ್ದು ಚಹಾಕ್ಕೆ ನೀರಿಡುವರು.

ಈಗ ಅತ್ತೆ ಎರಡು ತುತ್ತು ತಿಂದು ತಟ್ಟೆ ಸರಿಸುತ್ತಾರೆ. ಕಿವಿ ಮೆಷಿನ್ನು ಡ್ರಾಯರಿನಲ್ಲಿದೆ. ಕೇಳೋಕೆ ಯಾರ ಮಾತಿದೆ ಅಂತ ಹಾಕ್ಕೊಳ್ಳಲಿ ಎಂದು ಒಂದು ಸಲ ಹೇಳಿದರು, ಆಮೇಲೆ ಅದನ್ನೂ ಹೇಳಲಿಲ್ಲ. ಕಿವಿ ಮೆಷಿನ್ನು ಮಾರಿ, ಕೂರಿಸಿ, ರಿಪೇರಿ ಮಾಡಿ ಹೊಟ್ಟೆ ಹೊರೆಯುವ ಸೊಸೆಯ ಮುಂದೆ ಹೇಳುವ ಮಾತೇ ಇದು?

ಏಪ್ರಿಲ್ ೧೧, ಶನಿವಾರ

ಇವತ್ತು ನಮ್ಮ ಮನೆಗೆ ದೆವ್ವ ಬಂತು. ಕರೆತಂದವಳು ನಾದಿನಿ.

ನಾದಿನಿಗೆ ಮನೆಯಲ್ಲಿ ಗಾಬರಿ ಎಂದೇ ಹೆಸರು. ಹಾಲು ಉಕ್ಕಿದರೂ ಎದೆ ಹಿಡಿದುಕೊಳ್ಳುವ ಹೆಣ್ಣು. ಮಗಳು ಬಂದಳೆಂದು ಅತ್ತೆ ಒಂದು ತಿಂಗಳ ಮೇಲೆ ಮೆಷಿನ್ನು ಹಾಕಿಕೊಂಡರು, ಕಿಟಕಿಯ ಪಕ್ಕ ಮಾವನ ಕುರ್ಚಿಯಲ್ಲಿ ಕೂತರು. ಎಲ್ಲರೂ ಏನೋ ಮಾತಾಡುತ್ತಿದ್ದೆವು. ಐದೂವರೆಯಾಗಿತ್ತು. ಇದ್ದಕ್ಕಿದ್ದಂತೆ ಉದ್ದಕ್ಕೆ ಒಂದು ಶಿಳ್ಳೆ. ಒಂದೇ ಸ್ವರ.

ನಾದಿನಿ, ನನ್ನ ಗಂಡ, ನಾನು, ಮೂವರೂ ಒಟ್ಟಿಗೆ ಬಾಗಿಲ ಕಡೆ ತಿರುಗಿದೆವು. ನಾನೂ ತಿರುಗಿದೆ ಎಂದು ಬರೆಯಲು ನಾಚಿಕೆಯಾಗುತ್ತದೆ. ಅತ್ತೆ ನಮ್ಮ ಮೂವರ ಮುಖ ನೋಡಿದರು. ಎದ್ದು ಅಡುಗೆಮನೆಗೆ ಹೋಗಿ ಚಹಾಕ್ಕೆ ನೀರಿಟ್ಟರು. ನಾಲ್ಕು ಜನಕ್ಕೆ ಐದು ಲೋಟ ತಂದರು.

ಗಾಬರಿ ಗೋಳೋ ಎಂದು ಅತ್ತಳು. ಅಪ್ಪ ಬಂದಿದ್ದರು, ಅಮ್ಮನಿಗೆ ಕೇಳಿಸಿತು ನೋಡಿ ಅತ್ತಿಗೆ, ಎಂದಳು. ಐದನೆಯ ಲೋಟದ ಚಹಾ ತಣ್ಣಗಾಗುವವರೆಗೂ ಯಾರೂ ಅದನ್ನು ಮುಟ್ಟಲಿಲ್ಲ. ಕೊನೆಗೆ ನಾನೇ ಕುಡಿದೆ. ದೆವ್ವದ ಪಾಲು ಎಂದು ಚೆಲ್ಲುವಷ್ಟು ನಾವು ಸಾಹುಕಾರರಲ್ಲ.

ಏಪ್ರಿಲ್ ೧೨, ಭಾನುವಾರ

ಈ ಶಿಳ್ಳೆಯ ಹುಟ್ಟು, ಬೆಳವಣಿಗೆ ನನಗೆ ಚೆನ್ನಾಗಿ ಗೊತ್ತು. ದಿನಕ್ಕೆ ಹತ್ತು ಸಲ ಅಂಗಡಿಯಲ್ಲಿ ಕೇಳುತ್ತೇನೆ. ಕಿವಿಯೊಳಗೆ ಕೂರುವ ಅಚ್ಚು ಸಡಿಲವಾದರೆ ಸದ್ದು ಹೊರಗೆ ಸೋರುತ್ತದೆ, ಸೋರಿದ್ದು ಮತ್ತೆ ಮೆಷಿನ್ನಿನ ಬಾಯಿಗೆ ಹೋಗಿ ಸುತ್ತು ಹೊಡೆಯುತ್ತದೆ, ಸಿಳ್ಳೆನ್ನುತ್ತದೆ. ಕಿವಿಯ ಹತ್ತಿರ ಕೈ ತಂದರೆ ಇನ್ನೂ ಜೋರು. ಅತ್ತೆ ಒಂದು ತಿಂಗಳಿಂದ ಸರಿಯಾಗಿ ಉಣ್ಣದೆ ಇಳಿದುಹೋಗಿದ್ದಾರೆ. ಮೈ ಇಳಿದರೆ ಕಿವಿಯೂ ಇಳಿಯುತ್ತದೆ, ಅಚ್ಚು ಸಡಿಲ. ಸಂಜೆ ಆ ಕುರ್ಚಿಯಲ್ಲಿ ಕೂತು ಕೆನ್ನೆಗೆ ಕೈ ಕೊಡುತ್ತಾರೆ, ಶಿಳ್ಳೆ ಬರುತ್ತದೆ. ಇವತ್ತೂ ಬಂತು. ಇವತ್ತೂ ನಮ್ಮಿಬ್ಬರ ತಲೆ ಬಾಗಿಲ ಕಡೆ ತಿರುಗಿತು, ಇವತ್ತೂ ಅತ್ತೆ ಎದ್ದು ನೀರಿಟ್ಟರು.

ಗಂಡನಿಗೆ ಇದನ್ನೆಲ್ಲ ಚಿತ್ರ ಬರೆದು ವಿವರಿಸಿದೆ. ಚಿತ್ರ ನೋಡಿ, ಸರಿಯಾಗಿದೆ ಎಂದು ಒಪ್ಪಿ, ಅಮ್ಮನಿಗೆ ಹೇಳಬೇಡ ಎಂದರು. ಗಣಿತದ ಮೇಷ್ಟ್ರು.

ಹೊಸ ಅಚ್ಚು ಮಾಡಿಸಿದರೆ ದೆವ್ವ ಬಿಡುತ್ತದೆ. ಕಿವಿಗೆ ಮೇಣದಂಥ ಹಿಟ್ಟು ತುಂಬಿ ಅಳತೆ ತೆಗೆಯಲು ಹತ್ತು ನಿಮಿಷ, ಅಚ್ಚು ಬರಲು ಒಂದು ವಾರ. ಪರೀಕ್ಷೆಯೂ ಬೇಕಿಲ್ಲ, ಆರು ವರ್ಷದಿಂದ ಅತ್ತೆಯ ಕಿವಿ ನನಗೆ ಗೊತ್ತು. ನಾಳೆಯೇ ಮಾಡುತ್ತೇನೆ.

ಏಪ್ರಿಲ್ ೧೫, ಬುಧವಾರ

ಮಾಡಲಿಲ್ಲ. ಅತ್ತೆ ಮೂರು ದಿನದಿಂದ ಹೊಟ್ಟೆ ತುಂಬ ಉಣ್ಣುತ್ತಿದ್ದಾರೆ. ಬೆಳಿಗ್ಗೆ ಎದ್ದ ಕೂಡಲೇ ಮೆಷಿನ್ನು ಹಾಕಿಕೊಳ್ಳುತ್ತಾರೆ. ಐದು ಗಂಟೆಗೇ ತಲೆ ಬಾಚಿ ಕುರ್ಚಿಯಲ್ಲಿ ಹಾಜರು. ಸುಳ್ಳೋ ಪಳ್ಳೋ, ಶಿಳ್ಳೆಯಿಂದ ಒಬ್ಬರ ಊಟ ಸೇರುತ್ತದೆ ಎಂದರೆ ಅದನ್ನು ರಿಪೇರಿ ಮಾಡುವ ಕಟುಕಿ ನಾನಲ್ಲ. ಇನ್ನೊಂದು ವಾರ ಬಿಡೋಣ.

ನಾನೂ ಐದೂ ಇಪ್ಪತ್ತೈದಕ್ಕೆ ಮನೆ ಸೇರುತ್ತಿದ್ದೇನೆ. ಆ ಹೊತ್ತಿಗೆ ಬಸ್ಸಿನಲ್ಲಿ ಸೀಟು ಸಿಗುತ್ತದೆ.

ಏಪ್ರಿಲ್ ೧೮, ಶನಿವಾರ

ಅಂಗಡಿಯಲ್ಲಿ ಗಿರಾಕಿ ಕಡಿಮೆ. ಬಂದವರನ್ನೆಲ್ಲ ದೆವ್ವ ಭೂತ ನಂಬ್ತೀರಾ ಎಂದು ಕೇಳಿದೆ. ಬ್ಯಾಟರಿ ಹಾಕುವಷ್ಟು ಹೊತ್ತು ಅವರಿಗೂ ಬೇರೆ ಕೆಲಸವಿರುವುದಿಲ್ಲ.

ನಿವೃತ್ತ ಜಡ್ಜು ಎಳ್ಳಷ್ಟೂ ನಂಬುವುದಿಲ್ಲವಂತೆ. ಮತ್ತೆ ಅಜ್ಜಿ ಸತ್ತ ಕೋಣೆಗೆ ಯಾಕೆ ಬೀಗ ಹಾಕಿದ್ದೀರಿ ಎಂದು ಜೊತೆಗೆ ಬಂದ ಮೊಮ್ಮಗಳು ಕೇಳಿದಳು. ಜಡ್ಜು ಮೆಷಿನ್ನು ಆಫ್ ಮಾಡಿಕೊಂಡರು. ಬ್ಯಾಂಕಿನಾಕೆ ನಂಬುವುದಿಲ್ಲ, ಆದರೆ ಹೆದರಿಕೆ ಇದೆ. ದರ್ಜಿ ನಂಬುತ್ತಾನೆ, ಹೆದರಿಕೆ ಇಲ್ಲ, ಬಂದರೆ ಅಳತೆ ತಗೊಳ್ತೀನಿ ಎಂದ. ಚರ್ಮದ ಡಾಕ್ಟರು ಆತ್ಮ ಒಂದು ಶಕ್ತಿ ಎಂದು ಶುರು ಮಾಡಿ ಮುಕ್ಕಾಲು ಗಂಟೆ ಕೊರೆದರು. ಒಟ್ಟು ಹನ್ನೊಂದು ಜನ. ಆರು ಮಂದಿ ನಂಬುವುದಿಲ್ಲ. ಆ ಆರರಲ್ಲಿ ಐದು ಮಂದಿ ಒಂದೊಂದು ದೆವ್ವದ ಕಥೆ ಹೇಳಿ ಹೋದರು, ನಂಬುವವರಿಗಿಂತ ಚೆನ್ನಾಗಿ.

ನಮ್ಮ ಮನೆಯ ಲೆಕ್ಕದಲ್ಲಿ ನಂಬದವರು ನಾನೂ ಮಾವನೂ. ಟೀವಿಯಲ್ಲಿ ದೆವ್ವದ ಧಾರಾವಾಹಿ ಬಂದರೆ ಇಬ್ಬರೂ ಕೂತು ಅದರ ಬಟ್ಟೆ ಇಸ್ತ್ರಿ ಮಾಡೋರು ಯಾರು ಎಂದು ಚರ್ಚಿಸುತ್ತಿದ್ದೆವು. ಸತ್ತ ಮೇಲೆ ಬಂದ್ರೆ ನನ್ನ ಮಾನ ಹೋಗುತ್ತೆ ಕಣಮ್ಮ ಅನ್ನುತ್ತಿದ್ದಿರಿ. ನಿಜ, ಯಾವ ಮುಖ ಇಟ್ಟುಕೊಂಡು ಬರುತ್ತೀರಿ?

ಏಪ್ರಿಲ್ ೨೩, ಗುರುವಾರ

ಅತ್ತೆ ಮಲಗುವಾಗಲೂ ಮೆಷಿನ್ನು ತೆಗೆಯುತ್ತಿಲ್ಲ ಎಂದು ಇವತ್ತು ಗೊತ್ತಾಯಿತು. ದಿಂಬಿಗೆ ಕಿವಿ ಒತ್ತಿದಾಗಲೆಲ್ಲ ಶಿಳ್ಳೆ, ಮುಂಜಾನೆ ಗಂಡ ಎದ್ದು ಕೂತು ಅಪ್ಪ ಎಂದರು. ತೆಗೆದಿಟ್ಟು ಮಲಗಿ, ಕಿವಿಗೆ ಗಾಳಿ ಆಡಬೇಕು ಎಂದು ಅತ್ತೆಗೆ ಹೇಳಿದೆ. ನನ್ನ ತುಟಿ ನೋಡಿದರು. ಅತ್ತೆ ಮಾತಿಗೆ ಅರ್ಧ ಕಿವಿ, ಅರ್ಧ ಕಣ್ಣು, ಎದುರಿನವರ ತುಟಿ ಓದುತ್ತಾರೆ. ನೋಡಿ ಮುಖ ತಿರುಗಿಸಿದರು. ಮುಖ ತಿರುಗಿಸಿದ ಮೇಲೆ ನಾನು ಏನು ಹೇಳಿದರೂ ಗೋಡೆಗೆ ಹೇಳಿದ ಹಾಗೆ.

ಏಪ್ರಿಲ್ ೨೬, ಭಾನುವಾರ

ನಿಮ್ಮ ಮಗ ಸಂಜೆಯ ಟ್ಯೂಷನ್ ಬಿಟ್ಟಿದ್ದಾರೆ, ಗೊತ್ತೇ? ಐದು ಗಂಟೆಗೆ ಮನೆಯಲ್ಲಿರುತ್ತಾರೆ. ಪೇಪರ್ ಮುಖಕ್ಕೆ ಹಿಡಿದುಕೊಳ್ಳುತ್ತಾರೆ, ಪುಟ ತಿರುಗುವುದಿಲ್ಲ. ಇವತ್ತು ಶಿಳ್ಳೆ ಏಳು ನಿಮಿಷ ತಡವಾಯಿತು, ಅತ್ತೆಯ ಕೈ ಸ್ವೆಟರಿಗೆ ಗುಂಡಿ ಹೊಲಿಯುವುದರಲ್ಲಿತ್ತು, ಕೆನ್ನೆಗೆ ಬರಲಿಲ್ಲ. ಇವರು ಎರಡು ಸಲ ಎದ್ದು ಬಾಲ್ಕನಿಗೆ ಹೋಗಿ ಬಂದರು. ನನಗೆ ನಗು ಬಂತು. ಆಮೇಲೆ ಶಿಳ್ಳೆ ಬಂದಾಗ ನನಗೇ ಹಾಯೆನಿಸಿತು, ಅದು ಬೇರೆ ವಿಷಯ.

ಅಂಗಡಿ ಮಾಲೀಕ ಹೊಸ ಬೋರ್ಡು ಹಾಕಿಸಿದ್ದಾನೆ, ಅದರಲ್ಲಿ ಕಿವಿಯ ಚಿತ್ರ ಹೂಕೋಸಿನ ಹಾಗಿದೆ. ನೀವು ನೋಡಿದ್ದರೆ ಒಂದು ವಾರ ಆಡಿಕೊಳ್ಳುತ್ತಿದ್ದಿರಿ.

ಏಪ್ರಿಲ್ ೨೯, ಬುಧವಾರ

ಆಡಿಕೊಂಡಿದ್ದು ಸಾಕು. ಅತ್ತೆಯ ಕಿವಿಯಿಂದ ಕೀವು ಬರುತ್ತಿದೆ. ದಿಂಬಿನ ಮೇಲೆ ಕಲೆ ನೋಡಿ ಕಿವಿ ಡಾಕ್ಟರ ಹತ್ತಿರ ಓಡಿದೆವು. ಡಾಕ್ಟರು ದೀಪ ಹಿಡಿದು ನೋಡಿ ನನ್ನ ಕಡೆ ತಿರುಗಿದರು. ನೀವೇ ಕಿವಿ ಮೆಷಿನ್ ಅಂಗಡಿಯವರಲ್ಲವೇ ಎಂದರು. ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಹತ್ತು ದಿನ ಆ ಕಿವಿಗೆ ಏನೂ ಹಾಕುವಂತಿಲ್ಲ. ಹಾಕಿದರೆ ಸೋಂಕು ಒಳಗಿಳಿದು ಉಳಿದ ಅಷ್ಟಿಷ್ಟೂ ಹೋಗಬಹುದು. ಇನ್ನೊಂದು ಕಿವಿ ಹೋಗಿ ಎಷ್ಟೋ ವರ್ಷವಾಯಿತು. ಅಂದರೆ ಅತ್ತೆಗೆ ಉಳಿದದ್ದು ಇದೊಂದೇ.

ಡಾಕ್ಟರು ಹೇಳಿದ್ದನ್ನೆಲ್ಲ ಅತ್ತೆ ಅವರ ತುಟಿಯಲ್ಲಿ ಓದಿಕೊಂಡರು, ತಲೆಯಾಡಿಸಿದರು, ಆಟೋ ಹತ್ತಿದ ಕೂಡಲೇ ಮೆಷಿನ್ನನ್ನು ಕಿವಿಗೆ ತುರುಕಿಕೊಂಡರು.

ಮೇ ೧, ಶುಕ್ರವಾರ

ಜಪ್ಪಯ್ಯ ಅಂದರೂ ತೆಗೆಯುವುದಿಲ್ಲ. ಗಂಡ ಕೈ ಹಿಡಿದು ಬೇಡಿಕೊಂಡರು. ನಾದಿನಿ ಫೋನಿನಲ್ಲಿ ವೀಡಿಯೋ ಹಾಕಿ ಅತ್ತಳು. ನಾನು ಬೈದೆ. ಅತ್ತೆ ನೋವಿಗೆ ಕಣ್ಣಲ್ಲಿ ನೀರು ತುಂಬಿಕೊಂಡು, ಐದು ಗಂಟೆಗೆ ತಲೆ ಬಾಚಿ, ಅದೇ ಕುರ್ಚಿಯಲ್ಲಿ ಕೂತರು.

ತಪ್ಪು ನನ್ನದು. ಏಪ್ರಿಲ್ ಹದಿಮೂರಕ್ಕೆ ಹೊಸ ಅಚ್ಚಿನ ಅಳತೆ ತೆಗೆದಿದ್ದರೆ ಈ ಶಿಳ್ಳೆಯೂ ಇಲ್ಲ, ಈ ಹುಚ್ಚೂ ಇಲ್ಲ, ಕೀವೂ ಇಲ್ಲ. ಊಟ ಸೇರುತ್ತಿದೆ ಎಂದು ನೆಪ ಹೇಳಿಕೊಂಡೆ. ಮುದುಕಿಯ ಕಿವಿಗೆ ಹೂ ಇಟ್ಟು ಸುಮ್ಮನಿದ್ದೆ. ನೀವಿದ್ದಿದ್ದರೆ ಒಂದು ಮಾತಿಗೆ ತೆಗೆಸುತ್ತಿದ್ದಿರಿ. ಇಲ್ಲದಿರುವುದೇ ಈಗಿನ ತೊಂದರೆ.

ಮಲಗುವ ಮುಂಚೆ ಅತ್ತೆ ತಾವಾಗಿ ನನ್ನ ಹತ್ತಿರ ಬಂದರು. ಈ ಮೆಷಿನ್ನಿನ ಜೋರು ಸಾಲದು, ಹೆಚ್ಚಿಸಿ ಕೊಡು ಎಂದರು. ಅಂಗಡಿಗೆ ಬಂದರೆ ಮಾಡಿಕೊಡುತ್ತೇನೆ ಎಂದೆ. ಕರೆದುಕೊಂಡು ಹೋಗಿ ಹೇಗಾದರೂ ಮೆಷಿನ್ನು ಕಿತ್ತಿಟ್ಟುಕೊಳ್ಳುವುದು ನನ್ನ ಸಂಚು.

ಮೇ ೨, ಶನಿವಾರ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ ಮಾವ, ನೀವು ನಡುವೆ ಬಾಯಿ ಹಾಕಬೇಡಿ.

ಜೋರು ಹೆಚ್ಚಿಸಬೇಕಾದರೆ ಮೊದಲು ಪರೀಕ್ಷೆ ಆಗಬೇಕು, ಪರೀಕ್ಷೆಗೆ ಮೆಷಿನ್ನು ತೆಗೆಯಬೇಕು ಎಂದೆ. ಇದು ಸುಳ್ಳಲ್ಲ. ಅತ್ತೆ ಹಿಂದೆ ಮುಂದೆ ನೋಡಿ ತೆಗೆದು ಕೊಟ್ಟರು. ಸದ್ದು ಹೊಗದ ಗಾಜಿನ ಕೋಣೆಯಲ್ಲಿ ಕೂರಿಸಿದೆ, ಕೈಗೆ ಗುಂಡಿ ಕೊಟ್ಟೆ, ಸ್ವರ ಕೇಳಿಸಿದಾಗ ಒತ್ತಿ ಎಂದೆ. ಕಿವಿಗೆ ಏನೂ ತಾಗಿಸಲಿಲ್ಲ, ಸ್ಪೀಕರಿನಿಂದಲೇ ಸ್ವರ ಬಿಟ್ಟೆ. ನಾನು ಗಾಜಿನ ಈಚೆ.

ದಪ್ಪ ಸ್ವರಗಳಿಗೆ ಒತ್ತಿದರು. ನಡುವಿನವಕ್ಕೆ ತಡವಾಗಿ ಒತ್ತಿದರು. ಸಣ್ಣ ಸ್ವರ ಶುರುವಾದ ಮೇಲೆ ಒತ್ತಲೇ ಇಲ್ಲ. ಜೋರು ಹೆಚ್ಚಿಸಿದೆ. ಇನ್ನೂ ಹೆಚ್ಚಿಸಿದೆ. ನಮ್ಮ ಶಿಳ್ಳೆ ಇರುವ ಸ್ವರಕ್ಕೆ ಬಂದಾಗ ಪೂರ್ತಿ ತಿರುಗಿಸಿದೆ. ಗಾಜಿನ ಈಚೆಗೂ ಅದು ಸೋರಿ ನನ್ನ ಹಲ್ಲು ಜುಮ್ಮೆಂದಿತು. ಅತ್ತೆ ಗುಂಡಿಯ ಮೇಲೆ ಬೆರಳಿಟ್ಟುಕೊಂಡು, ಇನ್ನೂ ಏನಮ್ಮ ತಡ ಎಂಬಂತೆ ನನ್ನನ್ನೇ ನೋಡುತ್ತಿದ್ದರು.

ಆರು ವರ್ಷದಿಂದ ನಾನು ಈ ಪರೀಕ್ಷೆ ಮಾಡಿರಲಿಲ್ಲ. ಹೊರಗಿನವರಿಗೆ ವರ್ಷಕ್ಕೆರಡು ಸಲ, ಮನೆಯವರಿಗೆ ಅಂದಾಜು. ಮೆಷಿನ್ನು ಕಿರುಗುಟ್ಟಿದರೆ ಹಾಕಿಕೊಂಡವರಿಗೇ ಕೇಳಿಸದೆ ಇರಬಹುದು, ಸುತ್ತಲಿನವರಿಗೆ ಮಾತ್ರ ಕೇಳಿಸಬಹುದು. ಇದನ್ನು ದಿನವೂ ಗಿರಾಕಿಗಳಿಗೆ ಹೇಳುವವಳು ನಾನೇ. ನನ್ನ ಮನೆಯ ಕುರ್ಚಿಯಲ್ಲಿ ಅದೇ ನಡೆಯುತ್ತಿರಬಹುದೆಂದು ಹೊಳೆಯಲಿಲ್ಲ.

ಗಾಜಿನ ಹತ್ತಿರ ಹೋಗಿ ತುಟಿ ಕಾಣುವ ಹಾಗೆ ಕೇಳಿದೆ.

“ಅತ್ತೆ, ದಿನಾ ಐದೂವರೆಗೆ ಶಿಳ್ಳೆ ಬರುತ್ತಲ್ಲ, ಅದು ನಿಮಗೆ ಕೇಳ್ಸಲ್ವಾ?”

“ಯಾವ ಶಿಳ್ಳೆ?”

“ಮತ್ತೆ ಎದ್ದು ನೀರಿಡ್ತೀರಲ್ಲ?”

ಅತ್ತೆಯ ಉತ್ತರ ಮೈಕಿನಲ್ಲಿ ಬಂತು. ತಮ್ಮ ದನಿ ತಮಗೆ ಕೇಳಿಸದೆ ತೀರಾ ಮೆಲ್ಲಗೆ ಮಾತಾಡುತ್ತಿದ್ದರು.

“ಅವರ ಶಿಳ್ಳೆ ನಾನು ಕೇಳಿ ಎಷ್ಟೋ ವರ್ಷ ಆಯ್ತಲ್ಲೇ. ನೀವೆಲ್ಲ ಬಾಗಿಲ ಕಡೆ ತಿರುಗ್ತಿದ್ರಿ. ಆಗ ಅವರು ಬಂದ್ರು ಅಂತ ನೀರಿಡ್ತಿದ್ದೆ. ಈಗ್ಲೂ ತಿರುಗ್ತೀರಿ. ನಿಂಗೆ ಕೇಳ್ಸುತ್ತೆ, ಅವನಿಗೆ ಕೇಳ್ಸುತ್ತೆ, ಮಗಳಿಗೂ ಕೇಳ್ಸಿತು. ನಂಗೊಬ್ಬಳಿಗೇ ಇಲ್ಲ.”

ಮೈಕಿನ ದನಿ ಹೆಚ್ಚಿಸಿದೆ.

“ನಲವತ್ತೆಂಟು ವರ್ಷ ಜೊತೆಗಿದ್ದವಳು ನಾನು. ಬಂದ್ರೆ ಮೊದ್ಲು ನನ್ನ ಹತ್ರ ಬರಬೇಕಿತ್ತು. ಮಲಗಿದ್ದಾಗ ಬಂದು ಹೋಗ್ತಾರೇನೋ ಅಂತ ಇದನ್ನ ತೆಗೀಲೇ ಇಲ್ಲ.”

ಮಾವ, ಮೂರು ವಾರ ನಾನು ಏನೆಂದುಕೊಂಡಿದ್ದೆ? ಪಾಪ ಮುದುಕಿ, ದೆವ್ವ ನಂಬುತ್ತಾರೆ, ನಂಬಲಿ ಬಿಡು. ಅವರು ನಂಬಿದ್ದು ದೆವ್ವವನ್ನಲ್ಲ, ನಮ್ಮ ಮುಖಗಳನ್ನು. ದಿನವೂ ನಮ್ಮ ತಲೆ ತಿರುಗುವುದನ್ನು ನೋಡಿ, ತಮಗೆ ಮಾತ್ರ ಕೇಳಿಸದ ಗಂಡನಿಗೆ ಚಹಾ ಮಾಡಿಟ್ಟು, ಒಳಗೊಳಗೇ ಬೆಂದಿದ್ದಾರೆ. ಅವಮಾನದಲ್ಲಿ ಬೆಂದಿದ್ದಾರೆ. ನನಗೆ ಅಳು ಬಂತು. ಗಿರಾಕಿಗಳು ನೋಡಿದರು, ನೋಡಲಿ.

ಒಳಗೆ ಹೋಗಿ ಅತ್ತೆಯ ಪಕ್ಕ ಕೂತೆ. ಮೆಷಿನ್ನನ್ನು ನನ್ನ ಅಂಗೈಯಲ್ಲಿ ಹಿಡಿದು ಮುಷ್ಟಿ ಮುಚ್ಚಿದೆ. ಅದು ಕಿರ್ರೆಂದು ಶಿಳ್ಳೆ ಹಾಕಿತು. ಅತ್ತೆಗೆ ಕೇಳುವುದಿಲ್ಲವಲ್ಲ, ಸದ್ದು ಅಳೆಯುವ ಮೀಟರನ್ನು ಎದುರಿಗಿಟ್ಟೆ. ಮುಷ್ಟಿ ಮುಚ್ಚಿದರೆ ಮುಳ್ಳು ಹಾರುತ್ತದೆ, ತೆರೆದರೆ ಬೀಳುತ್ತದೆ. ಬಾಗಿಲು ತೆರೆದೇ ಇತ್ತು, ಹೊರಗೆ ರಸೀದಿ ಬರೆಯುವ ಹುಡುಗಿ ಪ್ರತಿ ಸಲವೂ ಇತ್ತ ತಿರುಗಿ ಕಿವಿ ಮುಚ್ಚಿಕೊಳ್ಳುತ್ತಿದ್ದಳು. ಅತ್ತೆ ಮುಳ್ಳು ನೋಡಿದರು, ಹುಡುಗಿಯನ್ನು ನೋಡಿದರು. ಮೆಷಿನ್ನು ಇಸಿದುಕೊಂಡು ತಾವೇ ನಾಲ್ಕು ಸಲ ಮಾಡಿ ನೋಡಿದರು.

“ಇದಕ್ಕೇನಾ ನೀವು ತಿರುಗ್ತಿದ್ದಿದ್ದು?”

“ಹೂಂ ಅತ್ತೆ.”

“ಅಂದ್ರೆ ಅವರು ನಿಮ್ಮ ಹತ್ರಾನೂ ಬಂದಿಲ್ಲ.”

“ಯಾರ ಹತ್ರಾನೂ ಬಂದಿಲ್ಲ.”

ಮೆಷಿನ್ನನ್ನು ಇನ್ನೊಂದು ಸಲ ಮುಷ್ಟಿಯಲ್ಲಿ ಮುಚ್ಚಿ ತೆರೆದರು.

“ಸದ್ಯ,” ಎಂದರು.

ಮೆಷಿನ್ನನ್ನು ನನ್ನ ಕೈಗೆ ಹಾಕಿ, ನನ್ನ ಬೆರಳುಗಳನ್ನು ಒಂದೊಂದಾಗಿ ಮಡಚಿ ಮುಚ್ಚಿದರು. ಬಸ್ಸಿನಲ್ಲಿ ನನ್ನ ಹೆಗಲಿಗೆ ಒರಗಿ ನಿದ್ದೆ ಮಾಡಿದರು. ಎಷ್ಟು ಇಳಿದಿದ್ದಾರೆಂದರೆ ಭಾರವೇ ಇರಲಿಲ್ಲ.

ಮೇ ೩, ಭಾನುವಾರ

ಮಗನಿಗೂ ಮಗಳಿಗೂ ಹೇಳಿಯಾಯಿತು. ಗಾಬರಿಗೆ ನಂಬಿಕೆ ಬರಲಿಲ್ಲ, ಅಪ್ಪನೇ ಮೆಷಿನ್ನಿನ ಮೂಲಕ ಬಂದಿರಬಹುದಲ್ಲ ಎಂದಳು. ನಿಮ್ಮ ಮಗ ಬಾಲ್ಕನಿಯಲ್ಲಿ ಒಗೆದ ಬಟ್ಟೆ ಹರವುವ ನೆಪದಲ್ಲಿ ಒಂದು ಗಂಟೆ ನಿಂತರು. ನಾಲ್ಕು ಬಟ್ಟೆ ಇದ್ದವು.

ಐದೂವರೆಗೆ ಏನೂ ಆಗಲಿಲ್ಲ.

ಮೇ ೮, ಶುಕ್ರವಾರ

ಕೀವು ನಿಂತಿದೆ. ಮನೆ ತುಂಬ ಸದ್ದಿಲ್ಲ. ಮಾಲೀಕನ ಮೇಲೆ ಮೂರು ಪುಟ ಗೊಣಗುವುದಿತ್ತು, ಇವತ್ತು ಮನಸ್ಸಿಲ್ಲ. ನೀವು ಇರಬೇಕಿತ್ತು.

ಮೇ ೨೧, ಗುರುವಾರ

ಕಳೆದ ವಾರ ಡಾಕ್ಟರು ದೀಪ ಹಿಡಿದು ನೋಡಿ, ಚೆನ್ನಾಗಿ ಒಣಗಿದೆ, ಕೇಳುವಷ್ಟು ಕೇಳುತ್ತದೆ, ಹೋಗಿದ್ದು ಏನಿಲ್ಲ ಎಂದರು. ಅಂದೇ ಅಳತೆ ತೆಗೆದಿದ್ದೆ, ಇವತ್ತು ಮಧ್ಯಾಹ್ನ ಹೊಸ ಅಚ್ಚು ಕೂರಿಸಿದೆ. ಪರೀಕ್ಷೆ ಮಾಡಿ ಕೂರಿಸಿದೆ, ಅಂದಾಜಿನಲ್ಲಲ್ಲ. ಅಲ್ಲಾಡಿಸಿದರೂ, ಕೆನ್ನೆಗೆ ಕೈ ಕೊಟ್ಟರೂ ಕಿರ್ ಅನ್ನುವುದಿಲ್ಲ. ಆರು ವರ್ಷದ ನನ್ನ ಕೆಲಸದಲ್ಲಿ ಇದಕ್ಕಿಂತ ಒಳ್ಳೆಯ ಅಚ್ಚು ಯಾರಿಗೂ ಮಾಡಿಕೊಟ್ಟಿಲ್ಲ. ಆದರೂ ಸಂಜೆ ಅದನ್ನು ನೋಡಿ ನನಗೆ ಸಂತೋಷವಾಗಲಿಲ್ಲ, ಯಾಕೋ ಗೊತ್ತಿಲ್ಲ.

ಊಟದ ಮೇಜಿನ ಮೇಲೆ ಇದನ್ನು ಬರೆಯುತ್ತ ಕೂತಿದ್ದೆ. ಅತ್ತೆ ಎದುರಿಗೆ ಬಟಾಣಿ ಬಿಡಿಸುತ್ತಿದ್ದರು. ಸುಮಾರು ಹೊತ್ತು ನನ್ನನ್ನೇ ನೋಡಿ, ದೆವ್ವ ಇದೆ ಅಂತ ನೀನು ನಂಬ್ತೀಯಾ ಎಂದು ಕೇಳಿದರು. ಎಳ್ಳಷ್ಟೂ ಇಲ್ಲ ಎಂದೆ. ನಾನೂ ಇಲ್ಲ, ಯಾವತ್ತೂ ನಂಬಿರಲಿಲ್ಲ, ನಿಮ್ಮ ಮುಖ ನೋಡಿ ಮೋಸಹೋದೆ ಅಷ್ಟೇ, ಯಾರೂ ನನ್ನ ಕೇಳಲೇ ಇಲ್ಲ ಎಂದರು. ಇಪ್ಪತ್ತು ವರ್ಷದಿಂದ ಮನೆಯಲ್ಲಿ ನಂಬದವರು ಮೂವರಿದ್ದೆವು, ಲೆಕ್ಕ ತಪ್ಪಿತ್ತು.

“ಮತ್ತೆ ದಿನಾ ಯಾರಿಗೆ ಬರೀತೀಯ?”

ಯಾರಿಗೂ ಇಲ್ಲ, ಅಂಗಡಿಯದು, ಬ್ಯಾಟರಿ ಸ್ಟಾಕು ಎಂದೆ.

“ಬರೀವಾಗ ನಿನ್ನ ತುಟಿ ಅಲ್ಲಾಡುತ್ತೆ,” ಎಂದರು ಅತ್ತೆ. “ಬ್ಯಾಟರಿಗೆ ಯಾರೂ ಮಾವ ಅನ್ನಲ್ಲ.”

ನಾನು ಪೆನ್ನು ಕೆಳಗಿಟ್ಟೆ. ಅತ್ತೆ ಸಿಟ್ಟಾಗಿರಲಿಲ್ಲ. ಬಟಾಣಿಯ ಬಟ್ಟಲು ಪಕ್ಕಕ್ಕೆ ಸರಿಸಿ, ಪೆನ್ನನ್ನು ಮತ್ತೆ ನನ್ನ ಕಡೆ ತಳ್ಳಿದರು.

“ಹೇಗೂ ಬರೀತಿದ್ದೀಯಲ್ಲ, ನನ್ನದೂ ಒಂದು ಮಾತು ಸೇರಿಸು. ಕಿವಿ ವಾಸಿ ಆಯ್ತು ಅಂತ ಬರಿ. ಅವರಿಗೆ ಅದೇ ಯೋಚನೆ ಇರ್ತಿತ್ತು.”

ಮಾವ, ಅತ್ತೆಯ ಕಿವಿ ವಾಸಿಯಾಯಿತು.